ಕಸ ಎತ್ತುವ ಮೊದಲು ಗಾಡಿ ಗೊತ್ತು ಮಾಡಿ: ಸ್ವಚ್ಛತಾ ದಿನ ನಡೆಸುವವರಿಗೆ ಸಮಗ್ರ ಮಾರ್ಗದರ್ಶಿ

ಸ್ವಚ್ಛತಾ ದಿನಕ್ಕೆ ಜನ ಸೇರಿಸುವುದು ಅಂಥ ದೊಡ್ಡ ವಿಷಯವೇನಲ್ಲ. ನಾಲ್ಕು ಗ್ರೂಪಿಗೆ ಮೆಸೇಜ್ ಹಾಕಿದರೆ ಇಪ್ಪತ್ತು ಮೂವತ್ತು ಜನ ಬರುತ್ತಾರೆ. ಬೆಳಿಗ್ಗೆ ಎರಡು ಗಂಟೆ ಬೆವರು ಸುರಿಸುತ್ತಾರೆ, ಐವತ್ತು ಚೀಲ ತುಂಬುತ್ತಾರೆ, ಫೋಟೊ ತೆಗೆಸಿಕೊಂಡು ಮನೆಗೆ ಹೋಗುತ್ತಾರೆ. ಎರಡು ದಿನ ಬಿಟ್ಟು ಹೋಗಿ ನೋಡಿದರೆ ಆ ಐವತ್ತು ಚೀಲವೂ ಅಲ್ಲೇ! ಅರ್ಧ ಚೀಲ ನಾಯಿಗಳು ಕಿತ್ತಿವೆ, ಇನ್ನರ್ಧದ ಮೇಲೆ ದಾರಿಹೋಕರು ಹೊಸ ಕಸ ಹಾಕಿದ್ದಾರೆ. ಚದುರಿ ಬಿದ್ದಿದ್ದ ಕಸ ಈಗ ಗುಡ್ಡೆಯಾಗಿದೆ, ಅಷ್ಟೇ.

ಅದಕ್ಕೇ ಈ ಮಾರ್ಗದರ್ಶಿಯನ್ನು ಹಿಂದಿನಿಂದ ಮುಂದಕ್ಕೆ ಬರೆದಿದ್ದೇನೆ. ಕಸ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಮೊದಲು ತೀರ್ಮಾನ ಆಗಲಿ. ಜನ, ಬ್ಯಾನರು, ತಿಂಡಿ ಎಲ್ಲ ಆಮೇಲೆ.

ಹೆಜ್ಜೆ 1: ಯಾವ ಕಸ ಅಂತ ಗುರುತಿಸಿ

ಕಸದಲ್ಲಿ ಎರಡು ಜಾತಿ. ಒಂದು, ನಡೆದು ಹೋಗುವವರು ಬಿಸಾಡಿದ್ದು: ಕವರು, ಬಾಟಲಿ, ಸಿಗರೇಟು ತುಂಡು, ಲೋಟ. ಇದು ಹಗುರ, ಆದರೆ ಎಲ್ಲ ಕಡೆ ಚೆಲ್ಲಿರುತ್ತದೆ. ಇನ್ನೊಂದು, ಯಾರೋ ಗಾಡಿಯಲ್ಲಿ ತಂದು ಸುರಿದದ್ದು: ಒಡೆದ ಗೋಡೆಯ ಇಟ್ಟಿಗೆ, ಟೈಲ್ಸು, ಹಳೇ ಹಾಸಿಗೆ, ಟೈರು, ಅಂಗಡಿಯ ಮೂಟೆಗಟ್ಟಲೆ ಕಸ. ಇದು ಒಂದೇ ಕಡೆ ಇರುತ್ತದೆ, ಭಾರ ಜಾಸ್ತಿ, ಅಪಾಯವೂ ಜಾಸ್ತಿ.

ಮೊದಲನೆಯದಕ್ಕೆ ಕೈಗಳು ಬೇಕು. ಮಕ್ಕಳು, ವಯಸ್ಸಾದವರು ಯಾರು ಬಂದರೂ ಕೆಲಸ ಸಾಗುತ್ತದೆ. ಎರಡನೆಯದಕ್ಕೆ ಸಲಿಕೆ, ಗಟ್ಟಿ ಬೂಟು, ದೊಡ್ಡ ಗಾಡಿ ಬೇಕು. ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಎರಡನ್ನೂ ಒಂದೇ ದಿನಕ್ಕೆ ಇಟ್ಟುಕೊಂಡರೆ ಎರಡೂ ಅರ್ಧಂಬರ್ಧ ಆಗುತ್ತವೆ.

ಜಾಗವನ್ನು ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ನೋಡಿ. ಬೆಳಗಿನ ಜಾವ ಒಮ್ಮೆ, ಮಧ್ಯಾಹ್ನ ಒಮ್ಮೆ, ಕತ್ತಲಾದ ಮೇಲೆ ಇನ್ನೊಬ್ಬರನ್ನು ಜೊತೆಗೆ ಕರೆದುಕೊಂಡು ಒಮ್ಮೆ. ಯಾರು ಹಾಕುತ್ತಾರೆ, ಯಾವಾಗ ಹಾಕುತ್ತಾರೆ, ಗಾಡಿ ಎಲ್ಲಿ ನಿಲ್ಲಿಸುತ್ತಾರೆ ಅನ್ನುವುದು ಈಗಲೇ ಗೊತ್ತಾದರೆ ಕೊನೇ ಹೆಜ್ಜೆಯಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ.

ನೋಡಿ ಬರುವುದರಲ್ಲಿ ಎಷ್ಟು ಬಲ ಇದೆ ಅನ್ನುವುದಕ್ಕೆ ಎಸ್ಟೋನಿಯಾ ಒಳ್ಳೇ ಉದಾಹರಣೆ. 2008ರ ಮೇ 3ರಂದು ಆ ಪುಟ್ಟ ದೇಶದಲ್ಲಿ ಸುಮಾರು 50,000 ಜನ ಸೇರಿ ಒಂದೇ ದಿನದಲ್ಲಿ ಸುಮಾರು 10,000 ಟನ್ ಕಸ ಎತ್ತಿದರು. ಎಲ್ಲರೂ ಆ ಒಂದು ದಿನದ ಬಗ್ಗೆಯೇ ಮಾತಾಡುತ್ತಾರೆ. ಆದರೆ ಅದಕ್ಕೂ ಮೊದಲು ಎಷ್ಟೋ ತಿಂಗಳು ಸ್ವಯಂಸೇವಕರು ಕಾಡು, ರಸ್ತೆ ಬದಿ ಎಲ್ಲ ತಿರುಗಿ, ಕಸ ಸುರಿದ ಸುಮಾರು 10,000 ಜಾಗಗಳನ್ನು ಫೋಟೊ ಸಮೇತ ನಕ್ಷೆಯಲ್ಲಿ ಗುರುತು ಹಾಕಿದ್ದರು. ಯಾವ ತಂಡ ಎಲ್ಲಿಗೆ, ಯಾವ ಲಾರಿ ಎಲ್ಲಿಗೆ ಅಂತ ಮೊದಲೇ ಗೊತ್ತಿತ್ತು. ಇಂದಿನ ವಿಶ್ವ ಸ್ವಚ್ಛತಾ ದಿನದ ಬೇರು ಇರುವುದು ಅಲ್ಲೇ.

ಹೆಜ್ಜೆ 2: ಜಾಗ ಯಾರದ್ದು? ಅನುಮತಿ ತೆಗೆದುಕೊಳ್ಳಿ

ರಸ್ತೆ ಬದಿ ಒಬ್ಬರದ್ದು, ಕೆರೆ ದಂಡೆ ಇನ್ನೊಬ್ಬರದ್ದು, ಹಳಿ ಪಕ್ಕದ ಜಾಗ ಮತ್ತೊಬ್ಬರದ್ದು. ಖಾಲಿ ನಿವೇಶನ ಆದರೆ ಅದಕ್ಕೊಬ್ಬ ಮಾಲೀಕ ಇದ್ದೇ ಇರುತ್ತಾನೆ. ಯಾರದ್ದು ಅಂತ ತಿಳಿದುಕೊಂಡು ಒಂದು ಪುಟದ ಪತ್ರ ಕೊಡಿ. ಎಲ್ಲಿ, ಯಾವತ್ತು, ಎಷ್ಟು ಹೊತ್ತಿಗೆ, ಎಷ್ಟು ಜನ, ಕಸ ಎಲ್ಲಿಗೆ ಹೋಗುತ್ತದೆ, ಯಾರು ಜವಾಬ್ದಾರಿ ಅನ್ನುವಷ್ಟು ಇದ್ದರೆ ಸಾಕು. ಪ್ರತಿಗೆ ಸೀಲು, ಸಹಿ ಹಾಕಿಸಿಕೊಳ್ಳಿ. ಆ ದಿನ ಯಾರಾದರೂ ಬಂದು "ಯಾರನ್ನ ಕೇಳಿ ಮಾಡ್ತಿದ್ದೀರಿ?" ಅಂದರೆ ವಾದ ಮಾಡುವ ಬದಲು ಪತ್ರ ತೋರಿಸಬಹುದು.

ಹಳಿ ಪಕ್ಕ, ವೇಗವಾಗಿ ಗಾಡಿ ಓಡಾಡುವ ಹೆದ್ದಾರಿ ಬದಿ, ಕಡಿದಾದ ಇಳಿಜಾರು ಸ್ವಯಂಸೇವಕರ ಕೆಲಸದ ಜಾಗಗಳಲ್ಲ. ಅಲ್ಲಿನ ಕಸದ ಬಗ್ಗೆ ದೂರು ಕೊಡಿ, ಇಳಿಯಬೇಡಿ.

ಹೆಜ್ಜೆ 3: ಸುರಿದ ಗುಡ್ಡೆಯನ್ನು ಮುಟ್ಟುವ ಮೊದಲು

ಗಾಡಿಯಲ್ಲಿ ತಂದು ಸುರಿದ ಕಸ ಬರೀ ಕಸವಲ್ಲ, ಅದು ಸಾಕ್ಷಿ ಕೂಡ. ಗುಡ್ಡೆ ಹಾಗೇ ಇರುವಾಗ ದೂರದಿಂದ ಒಂದು, ಹತ್ತಿರದಿಂದ ಒಂದು, ಗುರುತು ಸಿಗುವ ಕಟ್ಟಡವೋ ಕಂಬವೋ ಕಾಣುವ ಹಾಗೆ ಒಂದು ಫೋಟೊ ತೆಗೆಯಿರಿ. ದಿನಾಂಕ, ಹೊತ್ತು ಬರೆದಿಡಿ. ಬಿಲ್ಲು, ಕೊರಿಯರ್ ಲಕೋಟೆ, ಲೇಬಲ್ಲು ಮೇಲೆಯೇ ಕಂಡರೆ ಅದು ಇದ್ದಲ್ಲೇ ಫೋಟೊ ತೆಗೆದು ಸಂಬಂಧಪಟ್ಟ ಕಚೇರಿಗೆ ದೂರಿನ ಜೊತೆ ಕೊಡಿ. ಅದಕ್ಕಾಗಿ ಕಸದೊಳಗೆ ಕೈ ಹಾಕಿ ಹುಡುಕುವುದು ಬೇಡ.

ಆ ಹೆಸರು ಸಿಕ್ಕಿತೆಂದು ಗ್ರೂಪಿನಲ್ಲಿ ಹಾಕಿ ಮಾನ ಕಳೆಯುವ ಉಮೇದು ಕೆಲವರಿಗೆ ಬರುತ್ತದೆ. ಬೇಡ. ಲಕೋಟೆ ಯಾರ ಮನೆಯದ್ದೋ, ತಂದು ಸುರಿದವನು ದುಡ್ಡು ತೆಗೆದುಕೊಂಡು ಕಸ ಸಾಗಿಸುವ ಇನ್ಯಾರೋ ಆಗಿರಬಹುದು.

ಹೆಜ್ಜೆ 4: ಗಾಡಿ ಮತ್ತು ಕಸದ ಕೊನೇ ಜಾಗ

ಇಡೀ ಕೆಲಸ ನಿಂತಿರುವುದು ಈ ಹೆಜ್ಜೆಯ ಮೇಲೆ. ದಿನಾಂಕ ಸಾರುವ ಮೊದಲೇ ಮೂರು ಪ್ರಶ್ನೆಗೆ ಉತ್ತರ ಕೈಯಲ್ಲಿರಬೇಕು. ಕಸ ತೆಗೆದುಕೊಳ್ಳುವವರು ಯಾರು? ಯಾವ ಯಾವ ಕಸವನ್ನು ಬೇರೆ ಬೇರೆ ಮಾಡಿ ಕೊಡಬೇಕು? ಗಾಡಿ ಅದೇ ದಿನ ಬರುತ್ತದೆಯೋ, ಮರುದಿನವೋ?

"ನೋಡೋಣ, ಕಳಿಸ್ತೀವಿ" ಎಂಬ ಮಾತನ್ನು ನಂಬಿ ಕೂರಬೇಡಿ. ಗಾಡಿ ಓಡಿಸುವವರ ಫೋನ್ ನಂಬರ್ ತೆಗೆದುಕೊಳ್ಳಿ. ಹಿಂದಿನ ಸಂಜೆ ಅವರಿಗೇ ಫೋನ್ ಮಾಡಿ ವಿಚಾರಿಸಿ. ಕಚೇರಿಯಲ್ಲಿ ಕೂತು ಒಪ್ಪಿದವರು ಒಬ್ಬರು, ಬೆಳಿಗ್ಗೆ ಸ್ಟೀರಿಂಗ್ ಹಿಡಿಯುವವರು ಇನ್ನೊಬ್ಬರು.

ಎಷ್ಟು ಕಸ ಅಂತ ಅಂದಾಜು ಹಾಕುವುದು ಹೀಗೆ. ಗುಡ್ಡೆ ಸಾಮಾನ್ಯವಾಗಿ ಶಂಕುವಿನ ಆಕಾರದಲ್ಲಿರುತ್ತದೆ. ತಳದ ಅಗಲ 3 ಮೀಟರ್, ಎತ್ತರ 1 ಮೀಟರ್ ಇದ್ದರೆ ಸುಮಾರು 2.4 ಘನ ಮೀಟರ್ ಆಯಿತು. ನೋಡಲು ಅಷ್ಟೇನೂ ದೊಡ್ಡದಲ್ಲ, ಅಲ್ವಾ? ಆದರೆ ಅದು ಇಟ್ಟಿಗೆ, ಸಿಮೆಂಟಿನ ಅವಶೇಷ ಆಗಿದ್ದರೆ ಒಂದು ಘನ ಮೀಟರಿಗೆ ಒಂದರಿಂದ ಒಂದೂವರೆ ಟನ್ ತೂಗುತ್ತದೆ. ಅಂದರೆ ಹತ್ತಿರ ಹತ್ತಿರ 3 ಟನ್. ಬಾಣಲಿಗೆ 15 ಕಿಲೋದಂತೆ ಹೊತ್ತರೆ 200 ಬಾಣಲಿ. ಹತ್ತು ಜನ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರೆ ಆಗುವ ಕೆಲಸವೇ, ಆದರೆ ಅಂಥ ಗುಡ್ಡೆ ನಾಲ್ಕಿದ್ದರೆ ಯಂತ್ರ ಕರೆಸುವುದೇ ಸರಿ. ಸ್ವಯಂಸೇವಕರ ಬೆನ್ನು ಮುರಿಯುವುದರಲ್ಲಿ ಯಾವ ಪುಣ್ಯವೂ ಇಲ್ಲ.

ಚೆಲ್ಲಿದ ಹಗುರ ಕಸಕ್ಕೆ ಲೆಕ್ಕ ಬೇರೆ. ಎರಡು ಗಂಟೆಗೆ ಒಬ್ಬರಿಗೆ ಒಂದೂವರೆ ಚೀಲ ಅಂತ ಇಟ್ಟುಕೊಂಡು ಗಾಡಿ ಹೇಳುತ್ತೇನೆ. ಸ್ವಲ್ಪ ಹೆಚ್ಚು ಕಮ್ಮಿ ಆದರೂ ತೊಂದರೆ ಇಲ್ಲ.

ಗುಜರಿ ಆಯುವವರನ್ನು ಮರೆಯಬೇಡಿ. ಆ ಜಾಗದಲ್ಲಿ ದಿನಾ ಲೋಹ, ಗಟ್ಟಿ ಪ್ಲಾಸ್ಟಿಕ್ಕು ಆಯ್ದು ಬದುಕುವವರಿದ್ದರೆ ಮೊದಲೇ ಹೋಗಿ ಮಾತಾಡಿ. ಮಾರಲು ಬರುವ ಕಸ ಅವರಿಗೇ ಹೋಗಲಿ. ಯಾವುದು ಮಾರಾಟವಾಗುತ್ತದೆ, ಯಾವುದು ಇಲ್ಲ ಎಂದು ಅವರಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಸಿಗುವುದಿಲ್ಲ. ಅವರನ್ನು ಕೆಲಸಕ್ಕೇ ಕರೆದರೆ ಕೂಲಿ ಕೊಡಿ. ನಿಮಗೆ ಅದು ರಜೆ ದಿನ, ಅವರಿಗೆ ದುಡಿಮೆಯ ದಿನ.

ಸುಡುವುದು ಬೇಡವೇ ಬೇಡ. ಗಾಡಿ ಬರಲಿಲ್ಲ ಅಂತ "ಸ್ವಲ್ಪ ಬೆಂಕಿ ಹಾಕಿಬಿಡೋಣ" ಅನ್ನುವವರು ಒಬ್ಬರಾದರೂ ಇರುತ್ತಾರೆ. ಪ್ಲಾಸ್ಟಿಕ್ ಬಯಲಲ್ಲಿ ಸುಟ್ಟರೆ ಡಯಾಕ್ಸಿನ್‌ನಂಥ ವಿಷ ಗಾಳಿಗೆ ಸೇರುತ್ತದೆ. ಗುಡ್ಡೆಯೊಳಗೆ ಬ್ಯಾಟರಿಯೋ ಸ್ಪ್ರೇ ಡಬ್ಬಿಯೋ ಇದ್ದರೆ ಸಿಡಿಯುತ್ತದೆ.

ಹೆಜ್ಜೆ 5: ದಿನ, ಹೊತ್ತು

ಬೆಳಗಿನ ತಂಪಲ್ಲಿ ಎರಡು ಗಂಟೆ. ಅದಕ್ಕಿಂತ ಜಾಸ್ತಿ ಎಳೆದರೆ ಕೊನೆಯ ಅರ್ಧ ಗಂಟೆಯಲ್ಲೇ ಗಾಜು ಚುಚ್ಚುವುದು, ಕಾಲು ಉಳುಕುವುದು. ಜೋರು ಮಳೆಯ ಮಾರನೇ ದಿನ ಬೇಡ. ಒದ್ದೆ ಕಸದ ತೂಕ ಎಷ್ಟೋ ಪಾಲು ಏರಿರುತ್ತದೆ, ನಿಂತ ನೀರಿನಲ್ಲಿ ಇಲಿ ಮೂತ್ರದಿಂದ ಬರುವ ಇಲಿಜ್ವರದ ಭಯ ಬೇರೆ.

ಸೆಪ್ಟೆಂಬರ್ 20 ವಿಶ್ವ ಸ್ವಚ್ಛತಾ ದಿನ ಎಂದು ವಿಶ್ವಸಂಸ್ಥೆ 2023ರಲ್ಲಿ ಘೋಷಿಸಿತು. ಅಂತರರಾಷ್ಟ್ರೀಯ ಕರಾವಳಿ ಸ್ವಚ್ಛತೆಯೂ ಸೆಪ್ಟೆಂಬರಿನ ಮೂರನೇ ಶನಿವಾರವೇ ನಡೆಯುತ್ತದೆ. ಆ ಹೊತ್ತಿಗೆ ಜನ ಸಲೀಸಾಗಿ ಸಿಗುತ್ತಾರೆ. ಗಾಡಿ ಮಾತ್ರ ಸಿಗುವುದಿಲ್ಲ, ಎಲ್ಲರೂ ಅವತ್ತೇ ಕೇಳಿರುತ್ತಾರೆ. ಮೊದಲ ಸಲ ಮಾಡುವವರು ಸುಮ್ನೆ ಬೇರೆ ಯಾವುದಾದರೂ ವಾರ ಆರಿಸಿಕೊಳ್ಳಿ.

ಹೆಜ್ಜೆ 6: ಜನ ಮತ್ತು ಸಾಮಾನು

ಮೆಸೇಜಿನಲ್ಲಿ ಭಾಷಣ ಬೇಡ. ಎಲ್ಲಿ ಸೇರಬೇಕು, ಎಷ್ಟು ಗಂಟೆಗೆ ಶುರು, ಎಷ್ಟು ಗಂಟೆಗೆ ಮುಗಿಯುತ್ತದೆ, ಏನು ಹಾಕಿಕೊಂಡು ಬರಬೇಕು, ಯಾರಿಗೆ ಫೋನ್ ಮಾಡಬೇಕು. ಮುಗಿಯುವ ಹೊತ್ತು ಬರೆದರೆ ಹೆಚ್ಚು ಜನ ಬರುತ್ತಾರೆ, ಯಾಕಂದರೆ ಉಳಿದ ದಿನ ತಮ್ಮದು ಅಂತ ಗೊತ್ತಿರುತ್ತದೆ. "ಬರ್ತೀನಿ" ಅಂದವರಲ್ಲಿ ಅರ್ಧದಷ್ಟು ಬಂದರೆ ಸಾಮಾನ್ಯ ಅಂದುಕೊಳ್ಳಿ, ಬೇಜಾರು ಮಾಡಿಕೊಳ್ಳಬೇಡಿ.

ಸಾಮಾನಿನ ಪಟ್ಟಿ ಇಷ್ಟೇ:

- ದಪ್ಪ ರಬ್ಬರ್ ಲೇಪದ ಗ್ಲೌಸ್, ಜನಕ್ಕಿಂತ ನಾಲ್ಕಾರು ಜೊತೆ ಹೆಚ್ಚಿಗೆ. ತೆಳು ಸರ್ಜಿಕಲ್ ಗ್ಲೌಸ್ ಈ ಕೆಲಸಕ್ಕೆ ಬರುವುದಿಲ್ಲ.
- ಗಟ್ಟಿ ಗೋಣಿಚೀಲ ಅಥವಾ ಹೆಣೆದ ಪ್ಲಾಸ್ಟಿಕ್ ಚೀಲ. ಖಾಲಿ ಮಾಡಿ ಮತ್ತೆ ಬಳಸಬಹುದು.
- ಗಾಜಿಗೆ ಬಕೆಟ್ಟುಗಳು. ಚೀಲದಲ್ಲಿ ಗಾಜು ಹಾಕಿದರೆ ಹೊರುವವರ ತೊಡೆಗೆ ಕುಯ್ಯುತ್ತದೆ.
- ಉದ್ದ ಹಿಡಿಯ ಇಕ್ಕಳ, ಸಲಿಕೆ, ಕುಂಟೆ, ಬಾಣಲಿ.
- ಮುಚ್ಚಳ ಬಿಗಿಯಾಗಿರುವ ಒಂದು ಗಟ್ಟಿ ಡಬ್ಬಿ, ಸೂಜಿಗಾಗಿ.
- ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಸೋಪು, ಕೈ ತೊಳೆಯಲು ಸಾಕಷ್ಟು ನೀರು.
- ಕುಡಿಯುವ ನೀರಿನ ಕ್ಯಾನು. ಲೋಟ, ಬಾಟಲಿ ಅವರವರೇ ತರಲಿ.

ಕಸ ಎತ್ತಲು ಬಂದವರಿಗೆ ಸಣ್ಣ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು, ಥರ್ಮೋಕೋಲ್ ತಟ್ಟೆಯಲ್ಲಿ ತಿಂಡಿ, ಒಂದೇ ದಿನಕ್ಕೆ ಫ್ಲೆಕ್ಸು ಕೊಡುವವರನ್ನು ಕಂಡರೆ ನನಗೆ ನಗು ಬರುತ್ತದೆ. ಟೀಶರ್ಟಿನ ದುಡ್ಡನ್ನು ಗಾಡಿ ಬಾಡಿಗೆಗೆ ಹಾಕಿ.

ಹೆಜ್ಜೆ 7: ಶುರುವಿಗೆ ಮೊದಲು ಹತ್ತು ನಿಮಿಷದ ಮಾತು

ಎಲ್ಲರೂ ಬಂದ ಕೂಡಲೇ ಕೈಗೆ ಚೀಲ ಕೊಟ್ಟು ಬಿಡಬೇಡಿ. ವೃತ್ತವಾಗಿ ನಿಲ್ಲಿಸಿ ಇಷ್ಟನ್ನು ಹೇಳಿ.

ಸೂಜಿ, ಸಿರಿಂಜು ಕಂಡರೆ ಕೂಗಿ ತಂಡದ ಮುಖ್ಯಸ್ಥರನ್ನು ಕರೆಯಿರಿ. ಅವರು ಡಬ್ಬಿಯನ್ನು ನೆಲದ ಮೇಲಿಟ್ಟು, ಇಕ್ಕಳದಲ್ಲಿ ಹಿಡಿದು ಚೂಪು ಕೆಳಗೆ ಬರುವಂತೆ ಹಾಕುತ್ತಾರೆ. ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡು ಹಾಕುವುದು ತಪ್ಪು. ಚುಚ್ಚಿಯೇ ಬಿಟ್ಟರೆ ಬಾಯಲ್ಲಿ ಚೀಪಬಾರದು, ಹಿಂಡಬಾರದು. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಎಚ್ಐವಿ ತಡೆಯುವ ಔಷಧ ಬೇಕೆಂದು ವೈದ್ಯರು ಹೇಳಿದರೆ ಅದನ್ನು 72 ಗಂಟೆಯೊಳಗೆ ಶುರು ಮಾಡಬೇಕಾಗುತ್ತದೆ. ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು.

ಹಲಗೆ, ತಗಡು, ಚಾಪೆ ಎತ್ತುವುದಕ್ಕೂ ಒಂದು ಕ್ರಮ ಇದೆ. ನಿಮ್ಮ ಕಡೆಯ ಅಂಚನ್ನು ಎತ್ತಿದರೆ ಅಡಿಯಲ್ಲಿರುವ ಹಾವೋ ಚೇಳೋ ನೇರ ನಿಮ್ಮ ಕಾಲಿಗೇ ಬರುತ್ತದೆ. ಉದ್ದ ಹಿಡಿಯ ಕುಂಟೆಯಿಂದ ಆಚೆ ಕಡೆಯ ಅಂಚನ್ನು ನಿಮ್ಮತ್ತ ಎಳೆದು ಎತ್ತಿ. ಆಗ ಹಲಗೆ ನಿಮಗೂ ಅದಕ್ಕೂ ನಡುವೆ ಅಡ್ಡ ನಿಲ್ಲುತ್ತದೆ, ಒಳಗಿದ್ದದ್ದು ಆಚೆಗೆ ಓಡುತ್ತದೆ. ಒಂದು ಕ್ಷಣ ಕಾಯಿರಿ, ಆಮೇಲೆ ಮುಟ್ಟಿ.

ಮುಟ್ಟದೆ ಬಿಡಬೇಕಾದವು ಕೆಲವಿವೆ. ಮುಚ್ಚಿದ ಡ್ರಮ್ಮು, ಬಣ್ಣದ ದ್ರವ ತುಂಬಿದ ಬಾಟಲಿ, ಆಸ್ಪತ್ರೆಯ ಕಸ, ಸತ್ತ ಪ್ರಾಣಿ, ಅಲೆಅಲೆಯಾದ ಹಳೇ ಸಿಮೆಂಟ್ ಶೀಟು. ಆ ಶೀಟಿನಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಮುರಿದರೆ ಅದರ ನಾರು ಪುಡಿಯಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಮೂಸಿ ನೋಡುವುದು, ಮುಚ್ಚಳ ತೆಗೆಯುವುದು ಬೇಡ. ಸುತ್ತ ಹಗ್ಗ ಕಟ್ಟಿ, ಫೋಟೊ ತೆಗೆದು, ಅಧಿಕಾರಿಗಳಿಗೆ ತಿಳಿಸಿ.

ಕೊನೆಗೆ, ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು ಹತ್ತು ವರ್ಷ ದಾಟಿದವರು, ಕೈಯಲ್ಲಿ ಹಸಿ ಗಾಯ ಇರುವವರು ಹೆಸರು ಬರೆಯುವ ಕೆಲಸ ತೆಗೆದುಕೊಳ್ಳಲಿ.

ಹೆಜ್ಜೆ 8: ಕೆಲಸ

ಮೂವರ ತಂಡ ಮಾಡಿ. ಒಬ್ಬರು ಚೀಲ ಹಿಡಿಯುತ್ತಾರೆ, ಇಬ್ಬರು ಎತ್ತುತ್ತಾರೆ. ತಂಡಗಳು ಪಕ್ಕಪಕ್ಕದಲ್ಲಿ ಸಾಲಾಗಿ ಒಂದೇ ದಿಕ್ಕಿಗೆ ನಡೆಯಲಿ. ಮನಸ್ಸಿಗೆ ಬಂದ ಕಡೆ ಹೋದರೆ ಎಲ್ಲರೂ ಕಣ್ಣಿಗೆ ಬೀಳುವ ಬಾಟಲಿಯನ್ನೇ ಎತ್ತುತ್ತಾರೆ, ಹುಲ್ಲಿನ ಬುಡದ ಚೂರು ಹಾಗೇ ಉಳಿಯುತ್ತದೆ.

ಚೀಲವನ್ನು ಮುಕ್ಕಾಲು ತುಂಬಿ ಕಟ್ಟಿ. ಬಾಟಲಿಗಳಲ್ಲಿ ನೀರಿದ್ದರೆ ಮೊದಲು ಚೆಲ್ಲಿ, ಹತ್ತು ಲೀಟರ್ ನೀರೆಂದರೆ ಸುಮ್ನೆ ಹತ್ತು ಕಿಲೋ ಹೊತ್ತ ಹಾಗೆ. ಕಟ್ಟಿದ ಚೀಲವನ್ನು ಎಳೆಯಬೇಡಿ, ತಳ ಹರಿಯುತ್ತದೆ. ಗಾಡಿ ನಿಲ್ಲುವ ಒಂದೇ ಕಡೆ ಎಲ್ಲ ಚೀಲ ಸೇರಲಿ.

ಟೈರಿನಲ್ಲಿ ನಿಂತ ನೀರು ನೋಡಿ. ಬಗ್ಗಿ ನೋಡಿದರೆ ದಾರದ ತುಂಡಿನಂಥ ಹುಳುಗಳು ನುಲಿಯುತ್ತಾ ಮೇಲೆ ಕೆಳಗೆ ಹೋಗುತ್ತಿರುತ್ತವೆ. ಅವು ಸೊಳ್ಳೆಯ ಮರಿಗಳು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಟೈರೆಂದರೆ ಬಲು ಇಷ್ಟ. ನೀರನ್ನು ಒಣ ಮಣ್ಣಿನ ಮೇಲೆ ಸುರಿಯಿರಿ, ಚರಂಡಿಗೆ ಬೇಡ. ನೀರು ಚೆಲ್ಲಿದರೂ ಒಳಗೋಡೆಗೆ ಅಂಟಿದ ಮೊಟ್ಟೆಗಳು ಒಣಗಿದ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಅದಕ್ಕೇ ಟೈರುಗಳನ್ನು ಪಕ್ಕಕ್ಕೆ ಪೇರಿಸಿ ಬಿಡದೆ ಅವತ್ತೇ ಗಾಡಿಗೆ ಹಾಕಬೇಕು.

ಒಣಗಿದ ಎಲೆ, ಕೊಂಬೆ, ದಂಡೆಗೆ ಬಂದ ಕಡಲಪಾಚಿ ಕಸವಲ್ಲ, ಬಿಡಿ. ಬ್ಯಾಟರಿಗಳನ್ನು ಬೇರೆ ಡಬ್ಬಿಯಲ್ಲಿ ಹಾಕಿ. ಲಿಥಿಯಂ ಬ್ಯಾಟರಿ ಗಾಡಿಯಲ್ಲಿ ಜಜ್ಜಿಹೋದರೆ ಬೆಂಕಿ ಹೊತ್ತಿಕೊಳ್ಳುತ್ತದೆ.

ವಿಂಗಡಿಸುವ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸುವುದಿಲ್ಲ. ತಿಂಗಳುಗಟ್ಟಲೆ ಮಣ್ಣು, ಮಳೆ ತಿಂದ ಪ್ಲಾಸ್ಟಿಕ್ ಕವರನ್ನು ಮರುಬಳಕೆಗೆ ಬಹುತೇಕ ಯಾರೂ ತೆಗೆದುಕೊಳ್ಳುವುದಿಲ್ಲ. ಆರೇಳು ಬಣ್ಣದ ಚೀಲ ಇಟ್ಟು ಜನರನ್ನು ಗೊಂದಲಕ್ಕೆ ದೂಡುವ ಬದಲು ಗಾಜು, ಲೋಹ ಮತ್ತು ಗಟ್ಟಿ ಪ್ಲಾಸ್ಟಿಕ್, ಉಳಿದದ್ದು ಅಂತ ಮೂರೇ ಮಾಡಿ. ಕಸ ತೆಗೆದುಕೊಳ್ಳುವವರು ಬೇರೆ ರೀತಿ ಕೇಳಿದ್ದರೆ ಅವರು ಹೇಳಿದ ಹಾಗೆ.

ಹೆಜ್ಜೆ 9: ಎಣಿಸಿ

ಪ್ರತಿ ತಂಡದಲ್ಲೂ ಒಬ್ಬರು ಎಣಿಕೆ ಬರೆಯಲಿ. ಚೀಲ ಎಷ್ಟು, ಯಾವ ವಸ್ತು ಜಾಸ್ತಿ, ಸುರಿದ ಗುಡ್ಡೆಗಳಲ್ಲಿ ಏನಿತ್ತು. 1986ರಲ್ಲಿ ಅಮೆರಿಕದ ಟೆಕ್ಸಾಸ್ ಕರಾವಳಿಯಲ್ಲಿ ಮೊದಲ ಸಲ ಜನ ಸೇರಿದಾಗ ಲಿಂಡಾ ಮರಾನಿಸ್, ಕ್ಯಾಥಿ ಓ'ಹಾರಾ ಎಂಬ ಇಬ್ಬರು, ಎತ್ತಿದ್ದನ್ನೆಲ್ಲ ಬರೆದಿಡಿ ಎಂದು ಕೇಳಿಕೊಂಡಿದ್ದರು. ಅದೇ ಅಂತರರಾಷ್ಟ್ರೀಯ ಕರಾವಳಿ ಸ್ವಚ್ಛತೆಯಾಗಿ ಬೆಳೆಯಿತು. ಆ ಎಣಿಕೆಯಲ್ಲಿ ಎಷ್ಟೋ ವರ್ಷ ಸಿಗರೇಟು ತುಂಡೇ ಮೊದಲ ಸ್ಥಾನದಲ್ಲಿತ್ತು. 2019ರ ಎಣಿಕೆಯಲ್ಲಿ ತಿಂಡಿ ಪೊಟ್ಟಣಗಳು ಅದನ್ನು ಹಿಂದೆ ಹಾಕಿದವು. ಎಣಿಸದೆ ಇದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಂದಹಾಗೆ, ಸಿಗರೇಟಿನ ಫಿಲ್ಟರು ಹತ್ತಿಯಲ್ಲ, ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕು.

ನಿಮ್ಮ ಜಾಗದಲ್ಲಿ ಅರ್ಧಕ್ಕರ್ಧ ಕಸ ಒಂದೇ ಬಗೆಯದ್ದಾಗಿದ್ದರೆ ಅದು ಎಲ್ಲಿಂದ ಬರುತ್ತಿದೆ ಅನ್ನುವುದಕ್ಕೆ ಅದೇ ಸುಳಿವು.

ಹೆಜ್ಜೆ 10: ಗಾಡಿ ಹೋದ ಮೇಲೆ

ಕೊನೇ ಚೀಲ ಗಾಡಿಗೆ ಏರುವವರೆಗೆ ಇಬ್ಬರಾದರೂ ಅಲ್ಲಿರಬೇಕು. ಆಮೇಲಿನ ಎರಡು ವಾರ ದಿನಾ ಯಾರಾದರೂ ಒಬ್ಬರು ಆ ದಾರಿಯಲ್ಲಿ ಹೋಗಿ ನೋಡಲಿ, ಮೊದಲ ಹೊಸ ಮೂಟೆ ಬಿದ್ದ ದಿನವೇ ತೆಗೆಯಲಿ. ಒಂದು ಮೂಟೆ ಉಳಿದರೆ ಹತ್ತು ಬರುತ್ತವೆ. ನೆದರ್ಲೆಂಡಿನ ಗ್ರೋನಿಂಗನ್‌ನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ನಿಲ್ಲಿಸಿದ ಸೈಕಲ್ಲುಗಳ ಹ್ಯಾಂಡಲಿಗೆ ಕರಪತ್ರ ಸಿಕ್ಕಿಸಿದ್ದರು. ಪಕ್ಕದ ಗೋಡೆ ಶುಭ್ರವಾಗಿದ್ದಾಗ 33% ಜನ ಅದನ್ನು ನೆಲಕ್ಕೆ ಬಿಸಾಡಿದರು. ಅದೇ ಗೋಡೆಯ ಮೇಲೆ ಗೀಚಿದ್ದಾಗ 69%.

ಇನ್ನು, ಅಲ್ಲೇ ಯಾಕೆ ಸುರಿಯುತ್ತಾರೆ ಅನ್ನುವುದಕ್ಕೆ ಮೊದಲ ಹೆಜ್ಜೆಯಲ್ಲಿ ನೋಡಿಕೊಂಡದ್ದೇ ಉತ್ತರ. ಕತ್ತಲೇ ಕಾರಣವಾದರೆ ದೀಪ ಹಾಕಿಸಿ. ಗಾಡಿ ಹಿಂದಕ್ಕೆ ಒತ್ತಿ ನಿಲ್ಲಿಸಲು ಜಾಗ ಇದ್ದರೆ ಅನುಮತಿ ಪಡೆದು ದೊಡ್ಡ ಕಲ್ಲುಗಳನ್ನು ನೆಡಿಸಿ. ಕಸದ ಗಾಡಿ ಬರುವ ಹೊತ್ತಿಗೆ ಮನೆಯಲ್ಲಿ ಯಾರೂ ಇರದೆ ರಾತ್ರಿ ತಂದು ಹಾಕುತ್ತಿದ್ದರೆ, ಗಾಡಿಯ ಹೊತ್ತು ಬದಲಿಸಲು ಕೇಳಿ. ಇದು ಸುಲಭ ಅನ್ನಿಸಿದರೂ ಯಾರೂ ಕೇಳಿಯೇ ಇರುವುದಿಲ್ಲ. ಕಸದ ಬುಟ್ಟಿ ಇಡಿಸಿ ಅನ್ನುವುದು ಎಲ್ಲರಿಗೂ ಹೊಳೆಯುವ ಉಪಾಯ. ಖಾಲಿ ಮಾಡುವವರು ಯಾರೆಂದು ಗಟ್ಟಿಯಾಗುವ ತನಕ ಅದನ್ನು ಇಡಿಸಬೇಡಿ. ತುಂಬಿ ಚೆಲ್ಲುವ ಬುಟ್ಟಿಯ ಸುತ್ತಲೇ ಮುಂದಿನ ಗುಡ್ಡೆ ಬೆಳೆಯುವುದು.

ಗಿಡ ನೆಡುವ ಆಸೆಯೂ ಎಲ್ಲರಿಗಿದೆ. ಬೇಸಿಗೆಯಲ್ಲಿ ನೀರು ಹಾಕುವವರು ಸಿಕ್ಕರೆ ನೆಡಿ. ಇಲ್ಲದಿದ್ದರೆ ಎರಡು ಕಲ್ಲು ಬೆಂಚು ಹಾಕಿಸಿ. ಜನ ಬಂದು ಕೂರುವ ಕಡೆ ಗಾಡಿ ತಂದು ಸುರಿಯಲು ಹಿಂಜರಿಯುತ್ತಾರೆ.

ಇಷ್ಟೆಲ್ಲ ಆಗಿಯೂ ಮೂರನೇ ಸಲ ಅದೇ ಜಾಗಕ್ಕೆ ಅದೇ ಬಗೆಯ ಗುಡ್ಡೆ ಬಂದರೆ ನಾಲ್ಕನೇ ಸ್ವಚ್ಛತಾ ದಿನ ಇಡಬೇಡಿ. ಅದು ಸುರಿಯುವವರಿಗೆ ಪುಕ್ಕಟೆ ಸೇವೆ ಆಗಿಬಿಡುತ್ತದೆ. ದಿನಾಂಕವಿರುವ ಫೋಟೊ, ಎಣಿಕೆ ಹಾಳೆ, ಹಿಂದಿನ ದೂರುಗಳ ರಸೀದಿ ಎಲ್ಲ ಒಂದು ಫೈಲಿಗೆ ಹಾಕಿ, ಕೆಲಸಕ್ಕೆ ಬಂದವರಲ್ಲಿ ಹತ್ತು ಜನರನ್ನು ಕರೆದುಕೊಂಡು ಕಚೇರಿಗೆ ಹೋಗಿ. ಗಸ್ತು, ದಂಡ, ಕ್ಯಾಮೆರಾ ಈ ಮೂರರಲ್ಲಿ ಯಾವುದು, ಯಾವ ತಾರೀಖಿನೊಳಗೆ ಅಂತ ಬರಹದಲ್ಲಿ ಕೇಳಿ. ಮುಂದಿನ ಭೇಟಿಯ ದಿನವನ್ನು ಅಲ್ಲೇ ಗೊತ್ತು ಮಾಡಿಕೊಂಡು ಬನ್ನಿ.